‘ಸ್ವಲ್ಪ ಶುಗರ್ ಇದೆ, ಅಷ್ಟೆ’ ಎನ್ನುವವರೊಡನೆ ಒಂದು ಜಗಳ



ಸಾಮಾನ್ಯವಾಗಿ ಹಳೆಯ ನೆನಪುಗಳನ್ನು ಬರೆಯುವ ನಾನು ಈ ಸಲ ಜಗಳಕ್ಕೆ ನಿಂತಿದ್ದೇನೆ. ನನ್ನ ಜಗಳ ಯಾವ ವ್ಯಕ್ತಿಯ ಮೇಲೂ ಅಲ್ಲ, ಒಂದು ವಾಕ್ಯದ ಮೇಲೆ. ‘ಸ್ವಲ್ಪ ಶುಗರ್ ಇದೆ, ಅಷ್ಟೆ’ ಎಂಬ ವಾಕ್ಯವನ್ನು ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ, ಬೆಳಗಿನ ವಾಯುವಿಹಾರದಲ್ಲಿ ಕೇಳಿ ಕೇಳಿ ಸಾಕಾಗಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ತಪ್ಪು ವಾಕ್ಯ ಕಂಡರೆ ಕೈ ತಾನಾಗಿಯೇ ಕೆಂಪು ಶಾಯಿಯ ಪೆನ್ನಿನತ್ತ ಹೋಗುತ್ತದೆ. ಈ ವಾಕ್ಯದಲ್ಲಿ ‘ಸ್ವಲ್ಪ’ ಎಂಬುದು ತಪ್ಪು, ‘ಶುಗರ್’ ಎಂಬುದು ಅರ್ಧಸತ್ಯ, ‘ಅಷ್ಟೆ’ ಎಂಬುದಂತೂ ಶುದ್ಧ ಸುಳ್ಳು. ಈ ಸುಳ್ಳಿಗೆ ಬೆಲೆ ತೆರಬೇಕಾದುದು ಅನೇಕ ಸಲ ಹೃದಯ.

ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳು ಗುರುವಂದನೆಯ ಕಾರ್ಯಕ್ರಮ ಏರ್ಪಡಿಸಿದ್ದರು. ನಾನು ಮೊದಮೊದಲು ಕಲಿಸಿದ ತಂಡದವರಿಗೆ ಈಗ ಐವತ್ತು ದಾಟಿದೆ. ಊಟದ ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು ‘ಸ್ವಲ್ಪ ಶುಗರ್ ಇದೆ ಸಾರ್’ ಎಂದವರು ಒಬ್ಬಿಬ್ಬರಲ್ಲ. ಅದೇ ಮಹನೀಯರು ಉಪ್ಪಿನಕಾಯಿಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು, ಹಪ್ಪಳಕ್ಕಂತೂ ಲೆಕ್ಕವೇ ಇರಲಿಲ್ಲ. ಊಟವಾದ ಮೇಲೆ ಮಹಡಿಯ ಸಭಾಂಗಣಕ್ಕೆ ಹೋಗುವಾಗ ಅವರಲ್ಲೊಬ್ಬ ಮೆಟ್ಟಿಲುಗಳ ನಡುವೆ ನಿಂತು ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದ. ಏನಪ್ಪಾ ಎಂದು ಕೇಳಿದರೆ, ‘ವಯಸ್ಸಾಯಿತಲ್ಲ ಸಾರ್’ ಎಂದ. ಅವನು ನನಗಿಂತ ಹತ್ತು ವರ್ಷ ಚಿಕ್ಕವನು. ಹೋಳಿಗೆಯನ್ನು ಬಿಟ್ಟದ್ದು ಸರಿಯೇ. ಆದರೆ ಏದುಸಿರಿಗೆ ‘ವಯಸ್ಸು’ ಎಂದು ಹೆಸರಿಟ್ಟು ಸುಮ್ಮನಾದದ್ದು ಸರಿಯಲ್ಲ. ನಾನು ಬರೆಯಲು ಹೊರಟಿರುವುದು ಆ ಏದುಸಿರಿನ ಬಗ್ಗೆ.

ಮೊದಲು ಎರಡು ಶಬ್ದಗಳನ್ನು ಬೇರ್ಪಡಿಸಬೇಕು. ನಮ್ಮ ಕಡೆ ಯಾರಾದರೂ ಹಠಾತ್ತನೆ ತೀರಿಕೊಂಡರೆ ‘ಹಾರ್ಟ್ ಫೇಲ್ ಆಗಿ ಹೋದರಂತೆ’ ಎನ್ನುತ್ತಾರೆ. ಹೀಗೆ ಹೃದಯ ವೈಫಲ್ಯ ಎಂಬುದು ನಮ್ಮ ಮಾತಿನಲ್ಲಿ ಸಾವಿಗೆ ಇನ್ನೊಂದು ಹೆಸರಾಗಿಬಿಟ್ಟಿದೆ. ವಾಸ್ತವ ಬೇರೆಯೇ ಇದೆ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ನಾಳ ಇದ್ದಕ್ಕಿದ್ದಂತೆ ಕಟ್ಟಿಕೊಳ್ಳುವುದು. ಹೃದಯ ವೈಫಲ್ಯವೆಂದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳುವ ಅಥವಾ ತುಂಬಿಕೊಳ್ಳುವ ಶಕ್ತಿ ಹೃದಯಕ್ಕೆ ಕುಂದುವುದು. ಅದು ಬಹುಪಾಲು ಮಂದಿಗೆ ಒಂದು ದಿನದಲ್ಲಿ ಬರುವುದಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬರುತ್ತದೆ. ಅದಿದ್ದೂ ಜನ ಬದುಕಿರುತ್ತಾರೆ, ಚಿಕಿತ್ಸೆ ಪಡೆದರೆ ಇನ್ನೂ ಚೆನ್ನಾಗಿ ಬದುಕುತ್ತಾರೆ. ಸಾವಿನ ಹೆಸರನ್ನು ಕಾಯಿಲೆಗೆ ಇಟ್ಟುಬಿಟ್ಟದ್ದರಿಂದ, ಬದುಕಿರುವಾಗಲೇ ಅದನ್ನು ಗುರುತಿಸಬೇಕೆಂಬುದು ನಮಗೆ ಹೊಳೆಯುವುದೇ ಇಲ್ಲ.

ಹತ್ತನೆಯ ತರಗತಿಯಲ್ಲಿ ನಾಲ್ಕು ಕೋಣೆಗಳ ಹೃದಯದ ಚಿತ್ರ ಬರೆದು, ಎಡಕ್ಕೆ ಕೆಂಪು, ಬಲಕ್ಕೆ ನೀಲಿ ಬಣ್ಣ ತುಂಬಿದ್ದು ನಿಮಗೆ ನೆನಪಿರಬೇಕು. ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಯಂತ್ರವದು. ಮಧುಮೇಹ ಈ ಯಂತ್ರವನ್ನು ಒಂದೇ ದಾರಿಯಿಂದ ಕೆಡಿಸುವುದಿಲ್ಲ. ಹೃದಯದ ದೊಡ್ಡ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿಕೊಳ್ಳುವುದನ್ನು ತ್ವರಿತಗೊಳಿಸುವುದು ಮೊದಲನೆಯ ದಾರಿ. ಜೊತೆಗೆ ನರಗಳು ಮಂದವಾಗುವುದರಿಂದ ಕೆಲವರಿಗೆ ಹೃದಯಾಘಾತವಾದರೂ ಎದೆನೋವೇ ತಿಳಿಯುವುದಿಲ್ಲ. ‘ಗ್ಯಾಸ್’ ಎಂದು ಸೋಡಾ ಕುಡಿದು ಮಲಗಿದವನ ಹೃದಯದ ಒಂದು ಭಾಗ ಆ ರಾತ್ರಿ ಸತ್ತುಹೋಗಿರಬಹುದು. ಎರಡನೆಯದು, ಮಧುಮೇಹದ ಜೊತೆಗಾರನಾಗಿ ಬರುವ ರಕ್ತದೊತ್ತಡ. ಮೂರನೆಯದು ಮೂತ್ರಪಿಂಡ. ಅದು ಸೋತರೆ ಉಪ್ಪೂ ನೀರೂ ಮೈಯಲ್ಲೇ ನಿಂತು ಹೃದಯದ ಮೇಲೆ ಹೊರೆ ಏರುತ್ತದೆ.

ನಾಲ್ಕನೆಯ ದಾರಿಯ ಮಾತು ಹೊರಗೆ ಕೇಳಿಬರುವುದು ಕಡಿಮೆ. ರಕ್ತನಾಳಗಳು ಚೆನ್ನಾಗಿದ್ದರೂ ಹೃದಯದ ಸ್ನಾಯುವೇ ಬಿರುಸಾಗುತ್ತದೆ. ನಮ್ಮ ಹಳ್ಳಿಯ ಕುಲುಮೆಯಲ್ಲಿದ್ದ ಚರ್ಮದ ತಿದಿಯನ್ನು ನೆನಪಿಸಿಕೊಳ್ಳಿ. ಚರ್ಮ ಮೆದುವಾಗಿದ್ದಾಗ ತಿದಿ ಅಗಲವಾಗಿ ಬಿಚ್ಚಿಕೊಂಡು ಗಾಳಿ ತುಂಬಿಕೊಳ್ಳುತ್ತದೆ, ಒತ್ತಿದರೆ ಭರ್ರನೆ ಊದುತ್ತದೆ. ಚರ್ಮ ಒಣಗಿ ಗಡುಸಾಯಿತೆನ್ನಿ. ಒತ್ತಿದಾಗ ಒಳಗಿರುವ ಗಾಳಿ ಹೊರಗೆ ಹೋಗುತ್ತದೆ ನಿಜ, ಆದರೆ ಒಳಗೆ ತುಂಬಿದ್ದೇ ಕಡಿಮೆ. ಮಧುಮೇಹಿಗಳ ಹೃದಯ ಎಷ್ಟೋ ಸಲ ಹೀಗೆ ಗಡುಸಾದ ತಿದಿಯಾಗುತ್ತದೆ. ಎಕೋ ಪರೀಕ್ಷೆಯ ವರದಿಯಲ್ಲಿ ‘ಇ.ಎಫ್. 60’ ಎಂದಿದ್ದರೆ ನಮ್ಮವರು ಎಸ್.ಎಸ್.ಎಲ್.ಸಿ. ಫಸ್ಟ್ ಕ್ಲಾಸ್ ಬಂದಷ್ಟು ಸಂತೋಷಪಡುತ್ತಾರೆ. ತುಂಬಿಕೊಂಡ ರಕ್ತದಲ್ಲಿ ಶೇಕಡ ಎಷ್ಟನ್ನು ಹೃದಯ ಹೊರತಳ್ಳಿತು ಎಂಬುದಷ್ಟೇ ಆ ಸಂಖ್ಯೆಯ ಅರ್ಥ. ಹೃದಯ ಎಷ್ಟು ಸಲೀಸಾಗಿ ತುಂಬಿಕೊಂಡಿತೆಂಬುದನ್ನು ಅದು ಹೇಳುವುದಿಲ್ಲ. ಇ.ಎಫ್. ಸರಿಯಾಗಿದ್ದೂ ಹೃದಯ ವೈಫಲ್ಯ ಇರಬಹುದು.

ಇದು ನಿನ್ನೆ ಮೊನ್ನೆ ಕಂಡುಕೊಂಡ ಸಂಗತಿಯೇ? ಅಲ್ಲ. ಹೃದಯದ ನಾಳಗಳಲ್ಲಿ ಹೇಳಿಕೊಳ್ಳುವಂಥ ರೋಗವಿಲ್ಲದಿದ್ದರೂ ಹೃದಯ ಸೋತಿದ್ದ ನಾಲ್ವರು ಮಧುಮೇಹಿಗಳ ಶವಪರೀಕ್ಷೆಯ ವಿವರಗಳನ್ನು ರೂಬ್ಲರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ರಕಟಿಸಿದ್ದು 1972ರಲ್ಲಿ. ಅದೇ ದೇಶದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ನಿವಾಸಿಗಳನ್ನು 1948ರಿಂದ ಹಿಂಬಾಲಿಸಿ ನಡೆಸಿದ ಪ್ರಖ್ಯಾತ ಅಧ್ಯಯನದ ಒಂದು ವರದಿ 1974ರಲ್ಲಿ ಬಂದಿತು. ಮಧುಮೇಹವಿರುವ ಗಂಡಸರಿಗೆ ಹೃದಯ ವೈಫಲ್ಯದ ಸಂಭವ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು, ಹೆಂಗಸರಿಗೆ ಸುಮಾರು ಐದು ಪಟ್ಟು ಎಂದು ಅದು ಹೇಳಿತು. ಐವತ್ತು ವರ್ಷಗಳ ಹಿಂದಿನ ಮಾತಿದು. ಆ ಅರ್ಧ ಶತಮಾನದಲ್ಲಿ ನಮ್ಮ ಮನೆಗಳಿಗೆ ಗ್ಲೂಕೋಮೀಟರ್ ಬಂದಿತು, ಸಕ್ಕರೆರಹಿತ ಬಿಸ್ಕತ್ತು ಬಂದಿತು, ‘ಡಯಾಬಿಟಿಕ್ ಸ್ಪೆಷಲ್’ ಸಿಹಿತಿಂಡಿಯೂ ಬಂದಿತು. ಹೃದಯ ವೈಫಲ್ಯದ ಅರಿವು ಮಾತ್ರ ಬರಲಿಲ್ಲ. ನಿಮ್ಮಲ್ಲಿ ಎಷ್ಟು ಜನ ನಿಮ್ಮ ತಾಯಿಯ, ಹೆಂಡತಿಯ ಏದುಸಿರನ್ನು ಗಂಭೀರವಾಗಿ ತೆಗೆದುಕೊಂಡಿದ್ದೀರಿ? ‘ಅಮ್ಮನಿಗೆ ಸುಸ್ತು, ಯಾವಾಗಲೂ ಹಾಗೇ’ ಎಂದು ಹೇಳಿ ಹೊರಟುಬಿಡುವ ಮಕ್ಕಳಿಗೆ ಆ ಐದು ಪಟ್ಟು ಎಂಬ ಸಂಖ್ಯೆಯನ್ನು ಕಂಠಪಾಠ ಮಾಡಿಸಬೇಕು.

ಅಮೆರಿಕದ ಮಾತು ನಮಗೇಕೆ ಎನ್ನುವವರು ಪಕ್ಕದ ಕೇರಳವನ್ನು ನೋಡಲಿ. ತಿರುವನಂತಪುರದ ಆಸ್ಪತ್ರೆಗಳಲ್ಲಿ 2013ರಲ್ಲಿ ಹೃದಯ ವೈಫಲ್ಯದಿಂದ ದಾಖಲಾದ 1,205 ಜನರ ಲೆಕ್ಕವನ್ನು ವೈದ್ಯರು ಶ್ರದ್ಧೆಯಿಂದ ಇಟ್ಟರು. ಅವರ ಸರಾಸರಿ ವಯಸ್ಸು ಸುಮಾರು 61, ಅಂದರೆ ಸರ್ಕಾರಿ ನೌಕರ ನಿವೃತ್ತನಾಗಿ ಮೊಮ್ಮಗುವನ್ನು ಎತ್ತಿಕೊಳ್ಳುವ ಕಾಲ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಧುಮೇಹವಿತ್ತು. ಐದು ವರ್ಷ ತುಂಬುವಷ್ಟರಲ್ಲಿ ನೂರಕ್ಕೆ 59 ಜನ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು, ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು. ಇವರೆಲ್ಲರಿಗೂ ಹೃದಯ ವೈಫಲ್ಯ ಬಂದೇ ಬರುತ್ತದೆಂದು ನಾನು ಹೆದರಿಸುತ್ತಿಲ್ಲ. ಬರುವವರನ್ನು ಮೊದಲೇ ಗುರುತಿಸುವ ಪ್ರಯತ್ನವನ್ನಾದರೂ ಮಾಡಬೇಡವೇ ಎಂದು ಕೇಳುತ್ತಿದ್ದೇನೆ.

ಈಗ ‘ಶುಗರ್’ ಎಂಬ ಅರ್ಧಸತ್ಯಕ್ಕೆ ಬರೋಣ. ಕಾಯಿಲೆಯ ಹೆಸರಿನಲ್ಲಿ ಸಕ್ಕರೆ ಇರುವುದರಿಂದ ಗ್ಲೂಕೋಮೀಟರಿನ ಸಂಖ್ಯೆಯನ್ನು ಇಳಿಸಿದರೆ ಕೆಲಸ ಮುಗಿಯಿತೆಂದು ನಾವು ನಂಬಿದ್ದೇವೆ. ಸಕ್ಕರೆಯನ್ನು ಹತೋಟಿಯಲ್ಲಿಡುವುದು ಅತ್ಯಗತ್ಯ. ಕಣ್ಣು, ನರ, ಮೂತ್ರಪಿಂಡಗಳನ್ನು ಅದು ಕಾಪಾಡುತ್ತದೆ ಎಂಬುದಕ್ಕೆ 1990ರ ದಶಕದ ದೊಡ್ಡ ಅಧ್ಯಯನಗಳೇ ಸಾಕ್ಷಿ. ಆದರೆ ಸಂಖ್ಯೆಯೊಂದನ್ನೇ ಪೂಜಿಸಿದರೆ ಏನಾಗಬಹುದೆಂಬುದಕ್ಕೂ ಸಾಕ್ಷಿಗಳಿವೆ. ‘ಅಕಾರ್ಡ್’ ಎಂಬ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಧುಮೇಹಿಗಳಿದ್ದರು. ಅವರಲ್ಲಿ ಒಂದು ಗುಂಪಿನವರ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು, ಅಂದರೆ ಎಚ್‌ಬಿಎ1ಸಿ ಅನ್ನು, 6ಕ್ಕಿಂತ ಕೆಳಗಿಳಿಸಲು ಪಟ್ಟು ಹಿಡಿಯಲಾಯಿತು. ಆ ಗುಂಪಿನಲ್ಲೇ ಸಾವು ಹೆಚ್ಚಾದುದು ಕಂಡು 2008ರಲ್ಲಿ ಆ ಕಟ್ಟುನಿಟ್ಟಿನ ಚಿಕಿತ್ಸೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ರೋಸಿಗ್ಲಿಟಜೋನ್ ಎಂಬ ಮಾತ್ರೆಯ ಕಥೆ ಇನ್ನೂ ಕಹಿ. ಅದು ಸಕ್ಕರೆಯನ್ನು ಚೆನ್ನಾಗಿಯೇ ಇಳಿಸುತ್ತಿತ್ತು. ಆದರೆ ಮೈಯಲ್ಲಿ ನೀರು ನಿಲ್ಲಿಸಿ ಹೃದಯ ವೈಫಲ್ಯವನ್ನು ಹೆಚ್ಚಿಸುತ್ತಿತ್ತು. ಅಮೆರಿಕ 2007ರಲ್ಲಿ ಅದರ ಮೇಲೂ ಅದೇ ಜಾತಿಯ ಪಿಯೋಗ್ಲಿಟಜೋನ್ ಮೇಲೂ ಈ ಬಗ್ಗೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಮುದ್ರಿಸುವಂತೆ ಮಾಡಿತು. ರೋಸಿಗ್ಲಿಟಜೋನನ್ನು ಭಾರತ 2010ರಲ್ಲಿ ನಿಷೇಧಿಸಿತು. ಸಂಖ್ಯೆ ಇಳಿಯಿತು, ಹೃದಯವೂ ಇಳಿಯಿತು! ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕೇ?

ಇನ್ನೊಂದು ಪಾಠ ಸಂತೋಷದ್ದು. ಸೇಬಿನ ಮರದ ತೊಗಟೆಯಿಂದ ಫ್ಲೊರಿಜಿನ್ ಎಂಬ ಕಹಿ ವಸ್ತುವನ್ನು 1835ರಲ್ಲಿ ಬೇರ್ಪಡಿಸಿದ್ದರು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆಂಬುದು ಅದೇ ಶತಮಾನದಲ್ಲಿ ತಿಳಿಯಿತು. ಆ ಜಾಡಿನಲ್ಲೇ ಬಂದವು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಇಂದಿನ ಮಾತ್ರೆಗಳು. ಮೂತ್ರಪಿಂಡ ಸಕ್ಕರೆಯನ್ನು ರಕ್ತಕ್ಕೆ ಮರಳಿ ಹೀರಿಕೊಳ್ಳುವುದನ್ನು ಇವು ತಡೆಯುತ್ತವೆ, ಜೊತೆಗೆ ಸ್ವಲ್ಪ ಉಪ್ಪೂ ನೀರೂ ಹೊರಹೋಗುತ್ತವೆ. ನಮ್ಮ ಪ್ರಾಚೀನ ವೈದ್ಯರು ಮೂತ್ರ ಜೇನಿನಂತೆ ಸಿಹಿಯಾಗುವುದನ್ನು ಕಂಡು ಮಧುಮೇಹವೆಂದು ಹೆಸರಿಟ್ಟರು. ಇಂದಿನ ಔಷಧಿ ಬೇಕೆಂದೇ ಮೂತ್ರವನ್ನು ಸಿಹಿಯಾಗಿಸಿ ಕಾಪಾಡುತ್ತದೆ! ಮಧುಮೇಹದ ಜೊತೆಗೆ ಹೃದಯ ಅಥವಾ ರಕ್ತನಾಳಗಳ ರೋಗವೂ ಇದ್ದ ಸುಮಾರು ಏಳು ಸಾವಿರ ಜನರಲ್ಲಿ ಎಂಪಾಗ್ಲಿಫ್ಲೋಜಿನ್ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದನ್ನು ಮೂರನೇ ಒಂದು ಭಾಗಕ್ಕೂ ಹೆಚ್ಚು ತಗ್ಗಿಸಿತೆಂದು 2015ರಲ್ಲಿ ತಿಳಿದುಬಂದಿತು. ಡಪಾಗ್ಲಿಫ್ಲೋಜಿನ್ ಮಧುಮೇಹವೇ ಇಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ನೆರವಾಗುತ್ತದೆಂದು 2019ರಲ್ಲಿ ರುಜುವಾತಾಯಿತು. ಅಂದರೆ ಪ್ರಯೋಜನ ಬಂದದ್ದು ಸಕ್ಕರೆಯ ಸಂಖ್ಯೆಯಿಂದಲ್ಲ. ನಮ್ಮ ದೇಶದಲ್ಲಿ 2025ರ ಮಾರ್ಚಿನಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು, ಮಾತ್ರೆಗೆ ಸುಮಾರು 60 ರೂಪಾಯಿ ಇದ್ದದ್ದು ಕೆಲವು ಕಂಪನಿಗಳಲ್ಲಿ ಹತ್ತು ರೂಪಾಯಿಗೂ ಕಡಿಮೆಗೆ ಇಳಿಯಿತು. ಬೆಲೆಯ ನೆಪವೂ ಹೆಚ್ಚು ಉಳಿದಿಲ್ಲ.

ಎಚ್ಚರಿಕೆ: ಇದನ್ನೋದಿ ನೀವೇ ಅಂಗಡಿಗೆ ಹೋಗಿ ಮಾತ್ರೆ ಕೊಳ್ಳಬೇಡಿ. ಗುಪ್ತಾಂಗದ ಸೋಂಕು ಬರಬಹುದು. ಉಪವಾಸ, ವಾಂತಿಭೇದಿ, ಶಸ್ತ್ರಚಿಕಿತ್ಸೆಯ ಸಮಯಗಳಲ್ಲಿ ಅಪಾಯವೂ ಇದೆ. ಯಾರಿಗೆ ಹೊಂದುತ್ತದೆ, ಯಾರಿಗೆ ಇಲ್ಲ ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ‘ನನ್ನ ಹೃದಯಕ್ಕೆ ಈ ಔಷಧಿ ಬೇಕೇ?’ ಎಂದು ಕೇಳುವ ಹಕ್ಕು ನಿಮಗಿದೆ.

ನನ್ನ ಅತ್ತಿಗೆಯವರ ಸಂಗತಿ ನೆಂಟರಿಗೆಲ್ಲ ಗೊತ್ತು. ಹದಿನೈದು ವರ್ಷ ಮಧುಮೇಹವನ್ನು ಶಿಸ್ತಿನಿಂದ ಸಂಭಾಳಿಸಿದ ಹೆಂಗಸು. ಪ್ರತಿ ತಿಂಗಳ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಡುತ್ತಿದ್ದರು. ಮೊದಲು ನೀರಿನ ಕೊಡ ಎತ್ತಲಾಗುತ್ತಿಲ್ಲ ಎಂದರು. ಆಮೇಲೆ ಸಂಜೆಯ ಹೊತ್ತಿಗೆ ಪಾದ ಊದಿ ಕಾಲುಂಗುರ ಬಿಗಿಯತೊಡಗಿತು. ಆಮೇಲೆ ರಾತ್ರಿ ಮೂರು ದಿಂಬು ಇಟ್ಟುಕೊಂಡು ಒರಗಿಯೇ ನಿದ್ರಿಸತೊಡಗಿದರು. ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಇ.ಸಿ.ಜಿ. ತೆಗೆದು ನಾರ್ಮಲ್ ಎಂದರು, ಶುಗರ್ ನೋಡಿ ಶಹಬ್ಬಾಸ್ ಎಂದರು, ಗ್ಯಾಸಿನ ಮಾತ್ರೆ ಕೊಟ್ಟು ಕಳುಹಿಸಿದರು. ದಿಂಬುಗಳ ಲೆಕ್ಕವನ್ನು ಯಾರೂ ಕೇಳಲಿಲ್ಲ. ಎಂಟು ತಿಂಗಳ ಮೇಲೆ ಒಂದು ರಾತ್ರಿ ಉಸಿರು ಕಟ್ಟಿ ನಗರದ ಆಸ್ಪತ್ರೆಗೆ ಸಾಗಿಸಿದಾಗ ಎಕೋ ಮಾಡಿದರು, ಆಗ ಹೆಸರು ಸಿಕ್ಕಿತು. ಅಲ್ಲಿಂದ ಎರಡು ವರ್ಷ ಬದುಕಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಅವರ ನೋಟ್‌ಬುಕ್ ಈಗಲೂ ನಮ್ಮ ಮನೆಯಲ್ಲಿದೆ. ಅದರಲ್ಲಿನ ಸಂಖ್ಯೆಗಳೆಲ್ಲ ಚೆನ್ನಾಗಿಯೇ ಇವೆ.

ಆದ್ದರಿಂದ ನನ್ನ ಆಕ್ಷೇಪಗಳನ್ನು ಒಬ್ಬೊಬ್ಬರಿಗೂ ಹೇಳಿಯೇ ಮುಗಿಸುತ್ತೇನೆ.

ವೈದ್ಯರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದಾರೆ, ಅವರು ಬೇಸರಿಸಬಾರದು. ಹೊರಗೆ ನಲವತ್ತು ಜನ ಕಾದಿರುತ್ತಾರೆ, ಒಬ್ಬರಿಗೆ ಮೂರು ನಿಮಿಷ ಸಿಗುತ್ತದೆ ಎಂಬುದು ನನಗೆ ಗೊತ್ತು. ಆದರೆ ‘ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆಯೇ? ಪಾದ ಊದುತ್ತದೆಯೇ? ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ?’ ಎಂದು ಕೇಳಲು ಅರ್ಧ ನಿಮಿಷ ಸಾಕು. ಮಧುಮೇಹಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬಿ.ಎನ್.ಪಿ. ಅಥವಾ ಎನ್.ಟಿ.-ಪ್ರೋಬಿ.ಎನ್.ಪಿ. ರಕ್ತಪರೀಕ್ಷೆಯಿಂದ ಹೃದಯದ ಮೇಲಿನ ಒತ್ತಡವನ್ನು ಅಳೆಯಬೇಕೆಂದು ಅಮೆರಿಕದ ಮಧುಮೇಹ ಸಂಘದ ತಜ್ಞರು 2022ರಲ್ಲೇ ಸಲಹೆ ಮಾಡಿದ್ದಾರೆ. ಆ ಪರೀಕ್ಷೆ ಅಗ್ಗವೇನಲ್ಲ, ಎಲ್ಲ ಊರುಗಳಲ್ಲಿ ಸಿಗುವುದೂ ಇಲ್ಲ. ಪ್ರಶ್ನೆಗೆ ಮಾತ್ರ ಖರ್ಚಿಲ್ಲ.

ಸರ್ಕಾರಕ್ಕೂ ಒಂದು ಮಾತು. ಮೂವತ್ತು ದಾಟಿದವರ ಸಕ್ಕರೆ, ರಕ್ತದೊತ್ತಡಗಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಕರ್ನಾಟಕದಲ್ಲಿ 2024ರಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬರುವ ವ್ಯವಸ್ಥೆ ಆಗಿದೆ. ಒಳ್ಳೆಯ ಕೆಲಸ. ಆ ತಾಯಂದಿರ ಕೈಯಲ್ಲಿರುವ ಫಾರಮ್ಮಿನಲ್ಲಿ ಏದುಸಿರು, ಊತ, ದಿಂಬು ಎಂಬ ಮೂರು ಕಲಂಗಳು ಇರಲೇಬೇಕು. ಮುದ್ರಣದ ಶಾಯಿಗಿಂತ ಹೆಚ್ಚಿನ ವೆಚ್ಚ ಅದಕ್ಕೆ ಬೀಳುವುದಿಲ್ಲ.

‘ಮೂರು ತಿಂಗಳಲ್ಲಿ ಮಾತ್ರೆ ಬಿಡಿಸುತ್ತೇವೆ’ ಎಂದು ಮೊಬೈಲಿನಲ್ಲಿ ಪುಡಿ, ಕಷಾಯ ಮಾರುವವರ ಬಗ್ಗೆ ಹೆಚ್ಚು ಬರೆದರೆ ನನ್ನ ರಕ್ತದೊತ್ತಡವೇ ಏರುತ್ತದೆ. ಹಾಗಲಕಾಯಿ ಗೊಜ್ಜು ನನಗೂ ಇಷ್ಟ. ಆದರೆ ಅದು ಊಟ, ಔಷಧಿಯಲ್ಲ. ಅವರ ಮಾತು ಕೇಳಿ ರಕ್ತದೊತ್ತಡದ, ಹೃದಯದ ಮಾತ್ರೆಗಳನ್ನು ಬಿಟ್ಟವರು ಆಸ್ಪತ್ರೆ ಸೇರಿದಾಗ ಆ ಮಾರಾಟಗಾರರು ಬಿಲ್ಲು ಕಟ್ಟಲು ಬರುವುದಿಲ್ಲ. ಅದೇ ರೀತಿ ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಮೈಯಲ್ಲಿ ಉಪ್ಪು-ನೀರು ನಿಲ್ಲಿಸಿ ಸೋಲುತ್ತಿರುವ ಹೃದಯವನ್ನು ಮತ್ತಷ್ಟು ಸೋಲಿಸುತ್ತವೆ.

ಕೊನೆಯ ಮಾತು ನಿಮಗೇ, ಸಕ್ಕರೆ ಬಿಟ್ಟು ಉಪ್ಪಿನಕಾಯಿ ಹಿಡಿದವರಿಗೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಒಂದು ಸಣ್ಣ ಚಮಚೆಯಷ್ಟು, ಸಾರು, ಪಲ್ಯ, ಹಪ್ಪಳ, ಸಂಡಿಗೆ ಎಲ್ಲವೂ ಸೇರಿ. ಬೀಡಿ-ಸಿಗರೇಟು ಬಿಡಿ, ನಡೆಯಿರಿ, ರಕ್ತದೊತ್ತಡ ನೋಡಿಸಿಕೊಳ್ಳಿ. ಹೃದಯ ವೈಫಲ್ಯವಿದೆಯೆಂದು ವೈದ್ಯರು ಹೇಳಿದ್ದರೆ ಪ್ರತಿದಿನ ಬೆಳಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಊಟದಿಂದ ಬಂದ ಮೈಯಲ್ಲ, ನಿಂತ ನೀರು. ಅದೇ ದಿನ ವೈದ್ಯರಿಗೆ ತಿಳಿಸಿ.

‘ಸಾರ್, ನೀವೇನು ಡಾಕ್ಟರೇ?’ ಎಂದು ಕೇಳುವವರು ನಿಮ್ಮಲ್ಲಿ ಇದ್ದೇ ಇದ್ದೀರಿ, ತರಗತಿಯಲ್ಲೂ ಹೀಗೇ ಹಿಂದಿನ ಬೆಂಚಿನಿಂದ ಕೇಳುತ್ತಿದ್ದಿರಿ. ಅಲ್ಲಪ್ಪಾ, ನಾನು ಬರಿಯ ಬಿ.ಎಡ್. ಮೇಷ್ಟ್ರು. ಚಿಕಿತ್ಸೆ ಹೇಳುವುದು ನನ್ನ ಕೆಲಸವಲ್ಲ, ಪ್ರಶ್ನೆ ಕೇಳುವುದನ್ನು ಕಲಿಸುವುದು ನನ್ನ ಕೆಲಸ. ಅದರಿಂದ ನಾನು ನಿವೃತ್ತನಾಗಿಲ್ಲ. ಈ ವಾರವೇ ಮಧುಮೇಹವಿರುವ ನಿಮ್ಮ ತಂದೆತಾಯಿಗೆ, ಅತ್ತೆಮಾವಂದಿರಿಗೆ ಫೋನು ಮಾಡಿ. ‘ಶುಗರ್ ಎಷ್ಟಿದೆ?’ ಎಂದು ಕೇಳಿದ ಮೇಲೆ, ‘ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ?’ ಎಂದೂ ಕೇಳಿ. ಉತ್ತರ ಎರಡು, ಮೂರು ಎಂದು ಬಂದು, ತಲೆ ತಗ್ಗಿಸಿ ಮಲಗಿದರೆ ಉಸಿರು ಕಟ್ಟುತ್ತದೆ ಎಂದರೆ ತಡಮಾಡಬೇಡಿ, ಕರೆದುಕೊಂಡು ಹೋಗಿ ಎಕೋ ಮಾಡಿಸಿ. ನನಗೂ ಒಂದು ಸಾಲು ಬರೆದು ತಿಳಿಸಿ.

ಎಲ್ಲರಿಗೂ ಭಗವಂತ ಆಯುರಾರೋಗ್ಯ ಕೊಡಲಿ.

ನಿಮ್ಮ ಮೇಷ್ಟ್ರು